ಓಡುವ ಹುಡುಗಿಯ ಮೈಗೆ ಯಾರ ಅಳತೆ?

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಹೆಣ್ಣುಮಕ್ಕಳು ಓಟಕ್ಕೆ ಇಳಿಯುವುದು ಹೆಚ್ಚಾಗಿ ಕೆಲಸದ ಆಸೆಯಿಂದ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಕಟಣೆ ಹೊರಬಿತ್ತೆಂದರೆ ಬುಕ್ಕಾಪಟ್ಟಣದಂಥ ಹೋಬಳಿ ಊರುಗಳಲ್ಲೂ ಪಿಯುಸಿ ಮುಗಿಸಿದವರು ‘ಫಿಸಿಕಲ್’ಗೆ ತಯಾರಾಗುತ್ತಾರೆ. 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಎತ್ತರ 157 ಸೆಂಟಿಮೀಟರಿಗೆ, ತೂಕ 45 ಕಿಲೋಗೆ ಕಡಿಮೆ ಇರಕೂಡದು. ನಗರದಲ್ಲಿ ಓಡುವ ಹೆಣ್ಣಿಗೆ ತೂಕ ಇಳಿಸುವ ಚಿಂತೆಯಾದರೆ, ಇಲ್ಲಿ ತೂಕದ ಯಂತ್ರ ಕೇಳುವುದು ಅದರ ಉಲ್ಟಾ. ಅದೇ ಹುಡುಗಿಯನ್ನು ಹೆಣ್ಣು ನೋಡಲು ಬಂದವರ ಪಟ್ಟಿ ಮತ್ತೊಂದು: ತೆಳ್ಳಗಿರಬೇಕು, ಬೆಳ್ಳಗಿರಬೇಕು. ಬಿಸಿಲಲ್ಲಿ ಓಡಿದರೆ ಕಪ್ಪಾಗ್ತೀಯ, ಗಂಡುಬೀರಿ ಅಂತಾರೆ, ನಾಳೆ ಯಾರು ಒಪ್ತಾರೆ ಎಂಬ ಮಾತುಗಳನ್ನು ಕಿವಿಯಲ್ಲಿಟ್ಟುಕೊಂಡೇ ಅವಳು ಮೈದಾನ ಸುತ್ತಬೇಕು. ಇಂಥವಳಿಗೆ ‘ನಿನ್ನ ಮೈಯನ್ನು ನೀನು ಪ್ರೀತಿಸು’ ಎಂದು ಬುದ್ಧಿ ಹೇಳಿದರೆ ಸಾಲದು. ಅವಳ ಸಂಕೋಚವನ್ನು ಅವಳು ಹುಟ್ಟುವಾಗ ತಂದಿರಲಿಲ್ಲ, ನಾವು ಕಲಿಸಿದೆವು. ಅದನ್ನು ಕಳೆದುಕೊಳ್ಳುವ ಹೊಣೆಯನ್ನು ಅವಳೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ ಎಂಬುದು ನನ್ನ ವಾದ.

ಹೆಣ್ಣಿನ ಮೈ ಓಟಕ್ಕೆ ಒಗ್ಗದು ಎಂಬುದನ್ನು ಹಳ್ಳಿಯವರ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ; ಓದಿದವರು, ಅಧಿಕಾರದಲ್ಲಿದ್ದವರು ಅದನ್ನು ನಿಯಮವಾಗಿಯೇ ಬರೆದಿಟ್ಟಿದ್ದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ದಣಿದು ಕುಸಿದರೆಂಬ ನೆಪದಲ್ಲಿ ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದಿದ್ದು 1960ರಲ್ಲಿ. ಮಹಿಳಾ ಮ್ಯಾರಥಾನ್‌ಗೆ 1984ರವರೆಗೆ ಕಾಯಬೇಕಾಯಿತು. ಈ ನಡುವೆ ಹೆಣ್ಣಿನ ಮೂಳೆಯಾಗಲಿ ಉಸಿರಾಗಲಿ ಬದಲಾಗಿರಲಿಲ್ಲ. ನಮ್ಮದೇ ಕೊಡಗಿನ ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿದ ಓಟಗಾರ್ತಿ. ಆದರೂ ಅವರನ್ನು ಹೊಗಳಿದವರು ರೂಪ, ಉಡುಪುಗಳ ಬಗ್ಗೆ ಬರೆದಷ್ಟನ್ನು ಅವರ ಕಾಲಿನ ವೇಗದ ಬಗ್ಗೆ ಬರೆಯಲಿಲ್ಲ. ಹೊಗಳಿಕೆಯೂ ಹೀಗೆ ದಾರಿ ತಪ್ಪಬಲ್ಲದು. ಒಡಿಶಾದ ದ್ಯುತಿ ಚಂದ್ ಅವರಿಗಾದದ್ದು ಇನ್ನೂ ಕ್ರೂರ. ಯಾವ ಮದ್ದನ್ನೂ ತೆಗೆದುಕೊಳ್ಳದ, ಮೈಯಲ್ಲಿ ಸಹಜವಾಗಿಯೇ ಒಂದು ಹಾರ್ಮೋನು ಹೆಚ್ಚಿದ್ದ ಹುಡುಗಿಯನ್ನು 2014ರಲ್ಲಿ ಸ್ಪರ್ಧೆಯಿಂದ ಹೊರಗಿಟ್ಟರು. ಕ್ರೀಡಾ ನ್ಯಾಯಮಂಡಳಿ 2015ರಲ್ಲಿ ಆ ನಿಯಮವನ್ನು ಅಮಾನತಿನಲ್ಲಿಟ್ಟ ಮೇಲಷ್ಟೇ ಅವರು ಓಟಕ್ಕೆ ಮರಳಿದರು. ಮನಸ್ಸು ಗಟ್ಟಿ ಮಾಡಿಕೊಂಡಿದ್ದರಷ್ಟೇ ಸಾಲುತ್ತಿರಲಿಲ್ಲ, ನಿಯಮ ಬಗ್ಗಬೇಕಿತ್ತು.

ಬರದ ಸೀಮೆಯಲ್ಲಿ ಕುಡಿಯುವ ನೀರಿನ ಮಾತು ಬಿಟ್ಟು ಮೈಕಟ್ಟಿನ ಮಾತು ಯಾಕೆ, ಇದು ಉಳ್ಳವರ ಚಿಂತೆಯಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಹಸಿವು ಮತ್ತು ನಾಚಿಕೆ ಬೇರೆ ಬೇರೆ ಮನೆಗಳಲ್ಲಿ ವಾಸಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿದ್ದರೆ ಎರಡನೇ ತಿರುವಿಗೇ ಏದುಸಿರು ಬರುತ್ತದೆ. ಆಗ ಹುಡುಗಿ ಊಟವನ್ನು ದೂರುವುದಿಲ್ಲ, ‘ನನ್ನ ಮೈಯೇ ಇಷ್ಟು’ ಎಂದು ತನ್ನನ್ನೇ ದೂರಿಕೊಳ್ಳುತ್ತಾಳೆ. ಶಾಲೆಯ ಬಿಸಿಯೂಟದ ಮೊಟ್ಟೆ ಈಗ ಹತ್ತನೇ ತರಗತಿಯವರೆಗೆ ಸಿಗುತ್ತಿದೆ. ಪಿಯು ಮೆಟ್ಟಿಲು ಹತ್ತಿದೊಡನೆ, ಅಂದರೆ ಓಟಕ್ಕೆ ಇಳಿಯುವ ವಯಸ್ಸು ಹತ್ತಿರವಾದಾಗಲೇ, ಅದು ನಿಲ್ಲುತ್ತದೆ. ಮೂಳೆಗೆ ಬೇಕಾದ ಸುಣ್ಣದಂಶ ನಮ್ಮ ರಾಗಿ ಮುದ್ದೆಯಲ್ಲಿ ಧಾರಾಳವಾಗಿದೆ. ಆದರೆ ಮನೆಯಲ್ಲಿ ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿಯಿರುವವರೆಗೆ ಅವಳ ತಟ್ಟೆಗೆ ಎಷ್ಟು ಬಂದೀತು?

ಓಟಕ್ಕೆ ಮೈ ಹಗುರ ಇರಲೇಬೇಕಲ್ಲ ಎಂಬ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಆದರೆ ಉಣ್ಣದೆ ಹಗುರಾಗುವುದರ ಬೆಲೆ ದೊಡ್ಡದು. ಖರ್ಚಾಗುವ ಶಕ್ತಿಗೆ ತಕ್ಕಷ್ಟು ಊಟವಿಲ್ಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಟೊಳ್ಳಾಗುತ್ತದೆ, ವೇಗವೂ ಕುಸಿಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದನ್ನು 2014ರಲ್ಲಿ ವಿವರವಾಗಿ ಬರೆದರು. ಅಮೆರಿಕದ ಓಟಗಾರ್ತಿ ಮೇರಿ ಕೇನ್ ಎಳೆಯ ವಯಸ್ಸಿಗೇ ದೇಶದ ಭರವಸೆಯಾಗಿದ್ದವರು. ತೆಳ್ಳಗಾಗು, ಇನ್ನೂ ತೆಳ್ಳಗಾಗು ಎಂಬ ತರಬೇತುದಾರರ ಒತ್ತಾಯದಲ್ಲಿ ಮೂರು ವರ್ಷ ಮುಟ್ಟು ನಿಂತು, ಐದು ಮೂಳೆಗಳು ಮುರಿದವೆಂದು ಅವರು 2019ರಲ್ಲಿ ಬಹಿರಂಗವಾಗಿ ಹೇಳಿದರು. ಎಲ್ಲ ಅನುಕೂಲವಿದ್ದವರ ಗತಿಯೇ ಹೀಗಾದರೆ, ತಿಂಗಳುಗಟ್ಟಲೆ ಮುಟ್ಟಾಗದಿದ್ದರೂ ಅಮ್ಮನಿಗೂ ಹೇಳಲಾಗದ ನಮ್ಮ ಹುಡುಗಿಯರ ಗತಿಯೇನು?

ಮುಟ್ಟನ್ನು ಬಾಯಿಬಿಟ್ಟು ಹೇಳಲಾಗದ ಊರಿನಲ್ಲಿ ಮೈಯ ಬಗ್ಗೆ ನೆಮ್ಮದಿ ಹುಟ್ಟುವುದು ಕಷ್ಟ. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ಪದ್ಧತಿ ತುಮಕೂರು ಜಿಲ್ಲೆಯಲ್ಲಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಹೊರಗಿಟ್ಟ ಗುಡಿಸಲಿನಲ್ಲಿದ್ದ ಹಸುಗೂಸು ಮಳೆ-ಚಳಿಗೆ ಸಿಕ್ಕು ತೀರಿಕೊಂಡಿತು. ಇದನ್ನು ಒಂದು ಜಾತಿಯ ತಪ್ಪೆಂದು ತೋರಿಸಿ ಉಳಿದವರು ಕೈತೊಳೆದುಕೊಳ್ಳುವಂತಿಲ್ಲ. ಮುಟ್ಟಾದವಳನ್ನು ಹೊರಗೆ ಕೂರಿಸದ ಮನೆಗಳಲ್ಲೂ ಅವಳು ದೇವರ ಮನೆಯಿಂದ, ಅಡುಗೆ ಮನೆಯಿಂದ ದೂರ ನಿಲ್ಲಬೇಕಾದ್ದನ್ನು ನಾವು ಬಲ್ಲೆವು. ತಿಂಗಳಿಗೆ ಮೂರು ದಿನ ನಿನ್ನ ಮೈ ಮೈಲಿಗೆ ಎಂದು ಕಲಿಸಿ, ಉಳಿದ ದಿನ ಅದನ್ನು ಹೆಮ್ಮೆಯಿಂದ ಹೊತ್ತು ಓಡು ಎನ್ನುವುದು ಹೇಗೆ? ಹುಡುಗಿಯ ಸುರಕ್ಷತೆಗಾಗಿ ಮೈದಾನಕ್ಕೆ ಬಿಡುವುದಿಲ್ಲ ಎನ್ನುವ ಹೆತ್ತವರ ಭಯವನ್ನು ಮಾತ್ರ ನಾನು ಗೌರವಿಸುತ್ತೇನೆ, ಅದು ಕಾರಣವಿಲ್ಲದ ಭಯವಲ್ಲ. ಅದಕ್ಕೆ ಮದ್ದು ಹುಡುಗಿಯನ್ನು ಮನೆಯಲ್ಲಿಡುವುದಲ್ಲ. ತಾಲ್ಲೂಕು ಮೈದಾನದಲ್ಲಿ ಬೆಳಗ್ಗೆ ಹೆಣ್ಣುಮಕ್ಕಳಿಗೆಂದೇ ಗೊತ್ತುಮಾಡಿದ ಹೊತ್ತು, ದೀಪ, ಬೀಗ ಹಾಕದ ಶೌಚಾಲಯ, ಒಬ್ಬ ಮಹಿಳಾ ತರಬೇತುದಾರರು ಬೇಕು. ಇಷ್ಟಕ್ಕೆ ಕೋಟಿಗಟ್ಟಲೆ ಹಣವೇನೂ ಬೇಡ.

ಕೊನೆಯ ಆಕ್ಷೇಪ ನನ್ನ ವಾದಕ್ಕೇ ತಿರುಗುತ್ತದೆ: ಪೊಲೀಸ್ ಇಲಾಖೆಯೂ ಮೈಯನ್ನೇ ಅಳೆಯುತ್ತದಲ್ಲ? ಹೌದು, ಆದರೆ ಅದರ ಅಳತೆಗಳೆಲ್ಲ ಒಂದೇ ಥರದವಲ್ಲ. ಎರಡು ನಿಮಿಷದ ಓಟ ಅಭ್ಯಾಸಕ್ಕೆ ಒಲಿಯುತ್ತದೆ. ಕಪ್ಪೋ ಬಿಳುಪೋ ಎಂದು ಗಡಿಯಾರ ಕೇಳುವುದಿಲ್ಲ. 45 ಕಿಲೋ ಊಟಕ್ಕೆ ಒಲಿಯುತ್ತದೆ, ಮನೆಯವರು ಬಡಿಸಿದರೆ. 157 ಸೆಂಟಿಮೀಟರ್ ಯಾವುದಕ್ಕೂ ಒಲಿಯುವುದಿಲ್ಲ. ಭಾರತದ ಹೆಂಗಸರ ಸರಾಸರಿ ಎತ್ತರವೇ 152ರ ಆಸುಪಾಸು. ಬಾಲ್ಯದಲ್ಲಿ ಹಾಲು, ಬೇಳೆ ಕಾಣದವಳು ಇಪ್ಪತ್ತರಲ್ಲಿ ಎಷ್ಟು ಓಡಿದರೂ ಒಂದಿಂಚು ಬೆಳೆಯಲಾರಳು. ಚೆನ್ನಾಗಿ ಓಡಬಲ್ಲವಳನ್ನು ಓಡುವ ಮೊದಲೇ ಗೋಡೆಗೆ ನಿಲ್ಲಿಸಿ ವಾಪಸು ಕಳಿಸುವ ಈ ಅಳತೆ ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮುಂದಿನ ಪ್ರಕಟಣೆ ಹೊರಡಿಸುವ ಮುನ್ನ ಸರ್ಕಾರ ವಿವರಿಸಬೇಕು.