ಚಿನ್ನದ ಲೆಕ್ಕದಲ್ಲಿ ಕಳೆದುಹೋದ ಪ್ರಯೋಗಶಾಲೆ

ಶಿವಮೊಗ್ಗದ ದುರ್ಗಿಗುಡಿಯ ಹೋಟೆಲುಗಳಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಾತೆದ್ದರೆ ಎರಡೇ ಲೆಕ್ಕ: ನಷ್ಟವೆಷ್ಟು, ಕೆಲಸ ಹೋಗುವುದು ಎಷ್ಟು ಜನಕ್ಕೆ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗಲೂ ಚರ್ಚೆ ಹೆಚ್ಚಾಗಿ ಇವೆರಡರ ಸುತ್ತಲೇ ಸುತ್ತಿತು. ಮೂರನೆಯ ಲೆಕ್ಕವೂ ಒಂದಿದೆ: ಕಾರ್ಖಾನೆಯೋ ಗಣಿಯೋ ಮುಚ್ಚಿದಾಗ ವಿಜ್ಞಾನ ಕಳೆದುಕೊಳ್ಳುವುದೆಷ್ಟು. ಅದಕ್ಕೆ ಸಾಕ್ಷಿ, 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಪ್ರಯೋಗಶೀಲ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಅವರ ಬದುಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1948ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಅವರು ಅದರ ಸ್ಥಾಪಕ ಹೋಮಿ ಭಾಭಾ ಹೇಳಿದಂತೆ ಕೋಲಾರದ ಚಿನ್ನದ ಗಣಿಗೆ ಇಳಿದರು. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ಆಳಕ್ಕೆ ಹೋದಂತೆ ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುವುದು ಕೆಲಸ. ಮುಂದೆ ಅವರ ತಂಡದವರು ಇನ್ನೂ ಆಳದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಸಿಗಲಿಲ್ಲ. ಆ ಬರಿಗೈಯೇ ದೊಡ್ಡ ಲಾಭವಾಯಿತು. ಮೇಲಿನಿಂದ ಏನೂ ಇಳಿಯದ ಜಾಗದಲ್ಲಿ ಅಡ್ಡಲಾಗಿ ಹಾಯುವ ಕಣ ಕಂಡರೆ, ಅದು ಭೂಮಿಯನ್ನೇ ತೂರಬಲ್ಲ ನ್ಯೂಟ್ರಿನೊ ಎಂಬ ಕಣ ಬಂಡೆಗೆ ಬಡಿದು ಹುಟ್ಟಿಸಿದ್ದೇ ಇರಬೇಕು. ಹಾಗೆಂದೇ ಡಿಟೆಕ್ಟರುಗಳನ್ನು ಗೋಡೆಯಂತೆ ನಿಲ್ಲಿಸಿದರು. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಹಿಡಿದರು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಅದೇ ವರ್ಷ ಇದೇ ಫಲ ಸಿಕ್ಕಿತು. ಅದೂ ಚಿನ್ನದ ಗಣಿಯೇ.

ಶ್ರೀಕಂಠನ್ ಸಂಸ್ಥೆಯ ನಿರ್ದೇಶಕರಾದರು, 1988ರಲ್ಲಿ ಪದ್ಮಭೂಷಣ ಬಂತು. ಆದರೆ ಅವರ ಪ್ರಯೋಗಗಳ ಬಂಡವಾಳ ಬರೀ ಪ್ರತಿಭೆಯಲ್ಲ. ಗಣಿಯವರ ಲಿಫ್ಟು, ಗಾಳಿ, ವಿದ್ಯುತ್ತು, ನೀರೆತ್ತುವ ಪಂಪು, ಬಂಡೆಯ ಗುಣ ಬಲ್ಲ ಕಾರ್ಮಿಕ, ಇವನ್ನೆಲ್ಲ ವಿಜ್ಞಾನ ಹೊಸದಾಗಿ ಕಟ್ಟಬೇಕಿರಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು, 2001ರಲ್ಲಿ ಗಣಿಗೇ ಬೀಗ ಬಿತ್ತು, ಸುರಂಗಗಳಿಗೆ ನೀರು ನುಗ್ಗಿತು.

ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರಿದಾಗ ನಾಲ್ಕು ಜನ ವಿಜ್ಞಾನಿಗಳಿಗಾಗಿ ಗಣಿ ನಡೆಸಬೇಕಿತ್ತೇ ಎಂದು ಕೇಳಬಹುದು. ಬೇಡ, ಚಿನ್ನ ತೆಗೆಯುವುದನ್ನು ನಿಲ್ಲಿಸಿದ್ದು ತಪ್ಪಲ್ಲ. ಆಳದಲ್ಲಿ ಬಂಡೆ ಸಿಡಿಯುವ ಭಯವೂ ಸುಳ್ಳಲ್ಲ. ಆದರೆ ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯೂ 2002ರಲ್ಲಿ ಮುಚ್ಚಿತು, ಅಲ್ಲೂ ನೀರು ತುಂಬಿತು. ಸೌತ್ ಡಕೋಟ ರಾಜ್ಯ ಗಣಿಯನ್ನು ವಶಕ್ಕೆ ತೆಗೆದುಕೊಂಡು, ನೀರು ಹೊರಹಾಕಿ, ಭೂಗತ ಪ್ರಯೋಗಶಾಲೆ ಮಾಡಿತು. ನಾವೋ, ಇದ್ದ ಸುರಂಗ ಬಿಟ್ಟು, ನ್ಯೂಟ್ರಿನೊ ಪ್ರಯೋಗಶಾಲೆಗಾಗಿ ತಮಿಳುನಾಡಿನ ಥೇಣಿಯಲ್ಲಿ ಸುಮಾರು ಎರಡು ಕಿಲೋಮೀಟರ್ ಹೊಸದಾಗಿ ಬೆಟ್ಟ ಕೊರೆಯಲು ಹೊರಟೆವು. ಊರವರ ವಿರೋಧ, ಪರಿಸರದ ತಕರಾರುಗಳ ನಡುವೆ ಆ ಯೋಜನೆ ಮುಗ್ಗರಿಸಿ ಬಿದ್ದಿದೆ.

ಭದ್ರಾವತಿಯಲ್ಲಿ ಆಳದ ಗಣಿಯಿಲ್ಲ, ಒಪ್ಪೋಣ. ಆದರೆ ಮಿಶ್ರಲೋಹದ ಉಕ್ಕಿನಲ್ಲಿ ಪಳಗಿದ ಕೈಗಳಿವೆ, ಯಂತ್ರಗಳಿವೆ, ಒಮ್ಮೆ ಗುಜರಿಗೆ ಹೋದರೆ ಮತ್ತೆ ಕೂಡಿಸಲಾಗದವು. ಕಾರ್ಖಾನೆಯ ಭವಿಷ್ಯ ಬರೆಯುವ ಕಡತದಲ್ಲಿ ಲೆಕ್ಕಪರಿಶೋಧಕರ ವರದಿಯ ಪಕ್ಕ, ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ್ದೋ ಬೆಂಗಳೂರಿನ ಐಐಎಸ್‌ಸಿಯದ್ದೋ ಒಂದು ಅಭಿಪ್ರಾಯವೂ ಇರಬೇಕು. ಅದನ್ನು ತರಿಸಿಕೊಳ್ಳಲು ಒಂದು ಪತ್ರ ಸಾಕು.