ಕೆಂಪು ಮೊಹರಿನಿಂದ ಕೋಣೆ ನಮ್ಮದಾಗದು



ಹತ್ತು ಹದಿನೈದು ವರ್ಷ ಹೊಟೇಲಿನ ಬೆಂಚುಗಳ ಮೇಲೆ ಮಲಗಿ, ಊರಿಗೆ ಕಳಿಸಿ ಉಳಿದುದನ್ನು ಕೂಡಿಟ್ಟವರು ನಾವು. ಮಿಲ್ಲು ಮುಚ್ಚಿದಾಗ ಕೈಗೆ ಬಂದ ಗ್ರಾಚ್ಯುಟಿಯನ್ನು ಮುಟ್ಟದೆ ಕಾದಿಟ್ಟವರೂ ನಮ್ಮಲ್ಲಿದ್ದಾರೆ. ಮುಂಬಯಿಯಲ್ಲಿ ನಮ್ಮದೆನ್ನುವ ಒಂದು ಕೋಣೆ ಬೇಕು, ಅಷ್ಟೇ ಆಸೆ. ಈ ಆಸೆಯ ವಾಸನೆ ಎಲ್ಲರಿಗಿಂತ ಮೊದಲು ದಲ್ಲಾಳಿಯ ಮೂಗಿಗೆ ಬಡಿಯುತ್ತದೆ. ಅವನು ಐನೂರು ರೂಪಾಯಿಯ ಸ್ಟಾಂಪು ಕಾಗದದ ಮೇಲೆ ಕರಾರು ಬರೆಸುತ್ತಾನೆ. ನೋಟರಿಯ ಮುಂದೆ ನಿಲ್ಲಿಸುತ್ತಾನೆ. ಕೆಂಪು ಮೊಹರು ಬೀಳುತ್ತದೆ. “ಪಕ್ಕಾ ಕಾಗದ ಆಯಿತು, ಇನ್ನು ಕೋಣೆ ನಿಮ್ಮದೇ” ಎನ್ನುತ್ತಾನೆ.

ಇದು ಸುಳ್ಳು. ಇದನ್ನು ನಾವು ಗಟ್ಟಿಯಾಗಿ ಕೂಗಿ ಹೇಳಬೇಕಾಗಿದೆ.

ನೋಟರಿಯ ಕೆಲಸವೇನು? ೧೯೫೨ರ ನೋಟರಿ ಕಾಯಿದೆಯಂತೆ ಅವರು ಸಹಿಗೆ ಸಾಕ್ಷಿಯಾಗುತ್ತಾರೆ, ಪ್ರಮಾಣ ಮಾಡಿಸುತ್ತಾರೆ, ಕಾಗದಕ್ಕೆ ಮೊಹರು ಹಾಕುತ್ತಾರೆ. ಕೋಣೆ ಮಾರುವವನದು ಹೌದೋ ಅಲ್ಲವೋ ಎಂಬುದಕ್ಕೆ ಆ ಮೊಹರು ಜಾಮೀನಲ್ಲ. ಗಲ್ಲಾದ ಮೇಲೆ ಕೂತವನು ದುಡ್ಡು ಎಣಿಸಿ ಚೀಟಿ ಕೊಟ್ಟ ಮಾತ್ರಕ್ಕೆ ಒಳಗೆ ದೋಸೆಹಿಟ್ಟು ಇದೆಯೆಂದಾಯಿತೇ?

ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕೆಂದು ೧೮೮೨ರ ಆಸ್ತಿ ವರ್ಗಾವಣೆ ಕಾಯಿದೆ ಹೇಳುತ್ತದೆ. ೧೯೦೮ರ ನೋಂದಣಿ ಕಾಯಿದೆಯೂ ಅದನ್ನೇ ಕಡ್ಡಾಯ ಮಾಡಿದೆ. ಬರೀ ಕರಾರು, ಮುಖ್ತ್ಯಾರುಪತ್ರ, ಉಯಿಲು ಬರೆಸಿಕೊಂಡರೆ ಒಡೆತನ ಬಾರದೆಂದು ೨೦೧೧ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿದೆ. ಇಷ್ಟಾದರೂ ದಲ್ಲಾಳಿಯ ಮಾತು ಕೋರ್ಟಿನ ಮಾತಿಗಿಂತ ಹೆಚ್ಚೇ?

ನೋಟರಿಯ ಪುಸ್ತಕ ನೋಟರಿಯ ಬಳಿಯೇ ಇರುತ್ತದೆ. ಬೆಳಿಗ್ಗೆ ಒಬ್ಬನಿಗೆ ಮಾರಿದ ಕೋಣೆಯನ್ನು ಸಂಜೆ ಬೇರೆ ನೋಟರಿಯ ಮುಂದೆ ಇನ್ನೊಬ್ಬನಿಗೆ ಮಾರಿದರೆ ಕಂಡುಹಿಡಿಯುವವರಾರು? ಸಬ್‌ರಿಜಿಸ್ಟ್ರಾರ್ ಕಚೇರಿಯ ‘ಇಂಡೆಕ್ಸ್ ೨’ ಹಾಗಲ್ಲ. ಶುಲ್ಕ ಕೊಟ್ಟು ಯಾರು ಬೇಕಾದರೂ ಹುಡುಕಿಸಬಹುದು. ನೋಂದಣಿಯೂ ಮಾರುವವನ ಹಕ್ಕಿಗೆ ಜಾಮೀನಲ್ಲ, ನಿಜ. ಅದಕ್ಕೇ ಮುಂಗಡ ಕೊಡುವ ಮೊದಲೇ ಹಳೆಯ ದಾಖಲೆಗಳನ್ನು ಹುಡುಕಿಸಬೇಕು.

“ನೋಂದಣಿಗೆ ದುಡ್ಡೆಲ್ಲಿಂದ ತರೋಣ?” ಎನ್ನುವಿರಿ. ನ್ಯಾಯವಾದ ಪ್ರಶ್ನೆ. ಮುಂಬಯಿಯಲ್ಲಿ ಸ್ಟಾಂಪು ಸುಂಕ ನೂರಕ್ಕೆ ೬, ನೋಂದಣಿ ಶುಲ್ಕ ನೂರಕ್ಕೆ ೧. ಹತ್ತು ಲಕ್ಷದ ಕೋಣೆಗೆ ಎಪ್ಪತ್ತು ಸಾವಿರ. ಹೆಂಡತಿಯ ಹೆಸರಿನಲ್ಲಿ ಕೊಂಡರೆ ಸುಂಕದಲ್ಲಿ ನೂರಕ್ಕೆ ೧ ಕಡಿಮೆ. ತಟ್ಟೆ ಎತ್ತುವವನಿಗೆ ಇದು ದೊಡ್ಡ ಹೊರೆಯೇ. ಆದರೆ ಎಪ್ಪತ್ತು ಸಾವಿರ ಉಳಿಸಹೋಗಿ ಹತ್ತು ಲಕ್ಷವನ್ನು ಗಾಳಿಗೆ ತೂರುವುದು ಯಾವ ಲೆಕ್ಕ?

“ಝೋಪಡಪಟ್ಟಿಯಲ್ಲಿ ನೋಂದಣಿ ಆಗುವುದಿಲ್ಲ, ನೋಟರಿಯೇ ನಡೆಯುವುದು” ಎಂದು ದಲ್ಲಾಳಿ ಹೇಳಿದರೆ, ಏಕೆ ಆಗುವುದಿಲ್ಲವೆಂದು ಕೇಳಿ. ನೆಲ ಸರಕಾರದ್ದಿರಬಹುದು, ಮುನಸಿಪಾಲಿಟಿಯದ್ದಿರಬಹುದು. ಮಾರುವವನಿಗೇ ಇಲ್ಲದ ಹಕ್ಕನ್ನು ಮೊಹರು ಎಲ್ಲಿಂದ ತಂದುಕೊಟ್ಟೀತು? ನಾಳೆ ಕೋಣೆ ಕೆಡವಲು ಬಂದವರ ಮುಂದೆ ಆ ಕಾಗದ ಹಿಡಿದು ನಿಲ್ಲುವವರು ನಮ್ಮ ಹೆಂಡತಿ ಮಕ್ಕಳು, ದಲ್ಲಾಳಿಯಲ್ಲ!

ಸರಕಾರಕ್ಕೆ ನಮ್ಮ ಬೇಡಿಕೆ ಎರಡು. ಒಂದೇ ಕೋಣೆ ಕೊಳ್ಳುವ ದುಡಿಮೆಗಾರನ ಸುಂಕವನ್ನು ಇಳಿಸಲಿ. ನೋಟರಿ ಮೊಹರಿನ ಪ್ರತಿಯೊಂದು ಕರಾರಿನ ತಲೆಯ ಮೇಲೆ, ಕೊಳ್ಳುವವನಿಗೆ ಬರುವ ಭಾಷೆಯಲ್ಲಿ, ‘ಇದರಿಂದ ಒಡೆತನ ಬರುವುದಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆಯುವಂತೆ ಕಡ್ಡಾಯ ಮಾಡಲಿ.

ನಮ್ಮೊಳಗಿನ ನಿಯಮ ಒಂದೇ ಇರಲಿ. ಓದಲಾಗದ ಕಾಗದಕ್ಕೆ ಸಹಿ ಇಲ್ಲ. ಸಂಘದಲ್ಲಿ ತೋರಿಸದ ಕಾಗದಕ್ಕೆ ಮುಂಗಡವಿಲ್ಲ. ಪಗಾರದಲ್ಲಿ ಹತ್ತು ರೂಪಾಯಿ ಹಿಡಿದರೆ ಮಾಲಿಕನೊಡನೆ ಜಗಳಕ್ಕೆ ನಿಲ್ಲುವ ನಾವು, ಜೀವಮಾನದ ಗಳಿಕೆಯನ್ನು ಒಂದು ಮೊಹರಿಗೆ ಒಪ್ಪಿಸಿ ಸುಮ್ಮನಿರುವುದೇ?