ಹೆರಿಗೆ ವೈದ್ಯರ ಸೀಟು ಹಂಚಿಕೆ: ಕುಕನೂರಿನ ತಾಯಿಗೆ ಸಿಗುವುದೇನು?

ನೀಟ್ ಪಿಜಿ ಫಲಿತಾಂಶ ಹೊರಬಿದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್ ಆರಂಭವಾಯಿತೆಂದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ನಿದ್ದೆ ಇರುವುದಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿದ ಮಗಳು ಕಂಪ್ಯೂಟರ್ ಎದುರು ಕುಳಿತಿರುತ್ತಾಳೆ. ತಂದೆಯ ಕೈಯಲ್ಲಿ ಹಿಂದಿನ ವರ್ಷದ ಕಟ್‍ಆಫ್ ಪಟ್ಟಿ, ತಾಯಿಯ ಕೈಯಲ್ಲಿ ಜಪಮಾಲೆ. ಯಾವ ಕಾಲೇಜನ್ನು ಮೊದಲು ಹಾಕಬೇಕು, ಯಾವುದನ್ನು ಕೊನೆಗೆ, ಯಾವುದನ್ನು ಹಾಕಲೇಬಾರದು ಎಂಬುದೇ ಅಲ್ಲಿ ಚರ್ಚೆ. ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದ ಸೀಟು ಬಯಸುವವರ ಮನೆಯಲ್ಲಂತೂ ಈ ಚರ್ಚೆ ಇನ್ನಷ್ಟು ಬಿಸಿ.

ಅದೇ ಹೊತ್ತಿಗೆ ಕೊಪ್ಪಳ ಜಿಲ್ಲೆಯ ಕುಕನೂರಿನ ಸುತ್ತಲಿನ ಒಂದು ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುರಾತ್ರಿ ಗರ್ಭಿಣಿಯೊಬ್ಬಳಿಗೆ ಹೊಟ್ಟೆನೋವು ಶುರುವಾಗಿದೆ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು 108ಕ್ಕೆ ಫೋನ್ ಮಾಡಿದ್ದಾಳೆ. ರಕ್ತದೊತ್ತಡ ಏರಿದೆ, ಕಾಲು ಬಾತಿದೆ. ಇವಳನ್ನು ಕೊಪ್ಪಳಕ್ಕೆ ಒಯ್ಯುವುದೋ ಗದಗಕ್ಕೆ ಒಯ್ಯುವುದೋ ಎಂಬುದು ಅಲ್ಲಿಯ ಪ್ರಶ್ನೆ.

ಪ್ರಿಯ ಓದುಗರೇ, ಇವು ಎರಡು ಬೇರೆ ಬೇರೆ ಕಥೆಗಳೆಂದು ತೋರಬಹುದು. ಆದರೆ ಅಲ್ಲ. ಇಲ್ಲಿ ಮಗಳು ತುಂಬುವ ಪಟ್ಟಿಗೂ ಅಲ್ಲಿ ಆ ತಾಯಿ ಹಿಡಿಯುವ ದಾರಿಗೂ ನೇರ ಸಂಬಂಧವಿದೆ.

ಹಂಚಿಕೆ ನಡೆಯುವ ಬಗೆ

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಣ. ಸರಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ, ಉಳಿದರ್ಧ ರಾಜ್ಯಕ್ಕೆ. ಡೀಮ್ಡ್ ವಿಶ್ವವಿದ್ಯಾನಿಲಯಗಳ ಸೀಟುಗಳನ್ನು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯೇ ಹಂಚುತ್ತದೆ. ಅಭ್ಯರ್ಥಿ ತನಗೆ ಬೇಕಾದ ಕಾಲೇಜು ಮತ್ತು ವಿಷಯಗಳನ್ನು ಕ್ರಮವಾಗಿ ನಮೂದಿಸುತ್ತಾನೆ. ಗಣಕಯಂತ್ರ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ, ಮೊದಲು ಖಾಲಿ ಕಂಡ ಸೀಟನ್ನು ಕೊಡುತ್ತದೆ.

ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ಬೇರೆಯೇ ಪದ್ಧತಿ. ಅಲ್ಲಿ 1952ರಿಂದ ‘ಮ್ಯಾಚ್’ ಎಂಬ ವ್ಯವಸ್ಥೆಯಿದೆ. ಅಭ್ಯರ್ಥಿ ಆಸ್ಪತ್ರೆಗಳನ್ನು ಕ್ರಮವಾಗಿ ಪಟ್ಟಿ ಮಾಡುತ್ತಾನೆ, ಆಸ್ಪತ್ರೆಗಳೂ ಸಂದರ್ಶನ ಮಾಡಿ ಅಭ್ಯರ್ಥಿಗಳನ್ನು ಪಟ್ಟಿ ಮಾಡುತ್ತವೆ. ಎರಡೂ ಕಡೆಯ ಇಷ್ಟವನ್ನು ಹೊಂದಿಸುವ ಈ ಲೆಕ್ಕದ ಹಿಂದಿನ ಸಿದ್ಧಾಂತಕ್ಕೆ 2012ರಲ್ಲಿ ಲಾಯ್ಡ್ ಶಾಪ್ಲಿ ಮತ್ತು ಆಲ್ವಿನ್ ರಾತ್ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಮ್ಮಲ್ಲಿ ಕಾಲೇಜು ಅಭ್ಯರ್ಥಿಯನ್ನು ನೋಡುವುದಿಲ್ಲ, ಅಭ್ಯರ್ಥಿ ಕಾಲೇಜಿನ ಹೆರಿಗೆ ಕೋಣೆಯನ್ನು ನೋಡಿರುವುದಿಲ್ಲ. ಅಂಕವೊಂದೇ ಮಾತನಾಡುತ್ತದೆ. ಶಿಫಾರಸು, ವಶೀಲಿಗಳಿಗೆ ಎಡೆಯಿಲ್ಲ ಎಂಬುದು ಇದರ ಗುಣ. ಮೂರು ವರ್ಷ ಎಲ್ಲಿ, ಹೇಗೆ ಕಲಿಯುತ್ತೇನೆಂದು ತಿಳಿಯದೆ ಹೋಗಬೇಕಾಗಿರುವುದು ಇದರ ದೋಷ.

ಒಂದು ಮಾತನ್ನು ಅಭ್ಯರ್ಥಿಗಳು ನೆನಪಿಡಬೇಕು. ರ‍್ಯಾಂಕ್ ಮೊದಲು ನೋಡುವ ಇಂತಹ ವ್ಯವಸ್ಥೆಯಲ್ಲಿ ಜಾಣತನದ ಲೆಕ್ಕಾಚಾರ ಬೇಕಿಲ್ಲ. ‘ಸಿಗಲಾರದು’ ಎಂದು ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಿದರೆ ನಷ್ಟ ತಮಗೇ. ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಬೇಕು, ಸಿಕ್ಕಿದರೆ ಸೇರುವುದಿಲ್ಲ ಎನ್ನುವ ಕಾಲೇಜನ್ನು ಬರೆಯಬಾರದು. ಸೀಟು ಪಡೆದು ಕೊನೆಯ ಗಳಿಗೆಯಲ್ಲಿ ಬಿಡುವುದರಿಂದ ಠೇವಣಿ ಹೋಗುವುದಲ್ಲದೆ ಇನ್ನೊಬ್ಬರ ಅವಕಾಶವೂ ಹಾಳಾಗುತ್ತದೆ. ಸೀಟು ತಡೆಹಿಡಿಯುವ ಇಂತಹ ದಂಧೆಯ ವಿರುದ್ಧ ಸುಪ್ರೀಂ ಕೋರ್ಟ್ 2025ರಲ್ಲಿ ಕಟ್ಟುನಿಟ್ಟಿನ ನಿರ್ದೇಶನಗಳನ್ನು ನೀಡಿತು. ಖಾಸಗಿ ಮತ್ತು ಡೀಮ್ಡ್ ಸಂಸ್ಥೆಗಳು ಬೋಧನೆ, ಹಾಸ್ಟೆಲ್, ಠೇವಣಿ ಮುಂತಾದ ಎಲ್ಲ ಶುಲ್ಕಗಳನ್ನು ಕೌನ್ಸೆಲಿಂಗ್‌ಗೆ ಮುನ್ನವೇ ಬಹಿರಂಗಪಡಿಸಬೇಕೆಂದೂ ಹೇಳಿತು. ಹೆತ್ತವರು ಇದನ್ನು ಹಕ್ಕಿನಿಂದ ಕೇಳಬಹುದು.

ಹೆಸರಿಗಿಂತ ಹೆರಿಗೆ ಕೋಣೆ ಮುಖ್ಯ

ನಮ್ಮವರ ಪಟ್ಟಿ ಸಾಮಾನ್ಯವಾಗಿ ಹೇಗಿರುತ್ತದೆ? ಮಣಿಪಾಲ, ಮಂಗಳೂರು, ಬೆಂಗಳೂರು, ಮೈಸೂರು, ಆಮೇಲೆ ಹುಬ್ಬಳ್ಳಿ, ಕೊನೆಯಲ್ಲಿ ಬಳ್ಳಾರಿ, ರಾಯಚೂರು, ಕಲಬುರಗಿ. ಊರು ಹತ್ತಿರವಿದ್ದರೆ ಒಳ್ಳೆಯದು, ಹೆಸರು ದೊಡ್ಡದಿದ್ದರೆ ಒಳ್ಳೆಯದು ಎಂಬ ಎರಡೇ ಅಳತೆ. ಆದರೆ ಹೆರಿಗೆ ವೈದ್ಯೆಯಾಗುವವಳಿಗೆ ಈ ಅಳತೆ ಸಾಲದು.

ಕೇಳಬೇಕಾದ ಪ್ರಶ್ನೆಗಳು ಬೇರೆ. ತಿಂಗಳಿಗೆ ಎಷ್ಟು ಹೆರಿಗೆಗಳಾಗುತ್ತವೆ, ಅವನ್ನು ಎಷ್ಟು ವಿದ್ಯಾರ್ಥಿಗಳು ಹಂಚಿಕೊಳ್ಳುತ್ತಾರೆ? ಸಹಜ ಹೆರಿಗೆಯನ್ನು ತಾಳ್ಮೆಯಿಂದ ಕಾಯಲು ಕಲಿಸುತ್ತಾರೆಯೇ, ಇಲ್ಲವೇ ಗಡಿಯಾರ ನೋಡಿ ಸಿಸೇರಿಯನ್‌ಗೆ ಒಯ್ಯುತ್ತಾರೆಯೇ? ಫೋರ್ಸೆಪ್ಸ್, ವ್ಯಾಕ್ಯೂಮ್ ಬಳಸಲು ಹಿರಿಯರು ಪಕ್ಕದಲ್ಲಿ ನಿಂತು ಕೈಹಿಡಿದು ಕಲಿಸುತ್ತಾರೆಯೇ? ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ನಿಲ್ಲದಿದ್ದಾಗ ಪ್ರಾಧ್ಯಾಪಕರು ಬರುತ್ತಾರೆಯೇ, ಫೋನ್‌ನಲ್ಲೇ ಮುಗಿಸುತ್ತಾರೆಯೇ? ರಕ್ತನಿಧಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿವೆಯೇ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುವ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಕಷ್ಟದ ಹೆರಿಗೆಗಳು ಎರಡೂ ಕಡೆ ಬರುತ್ತವೆ. ಆದರೆ ಸಹಜ ಹೆರಿಗೆ ಮಾಡಿಸುವ ಕೈಗುಣ ಎಲ್ಲಿ ಹೆಚ್ಚು ಪಳಗುತ್ತದೆಂದು ಈ ಅಂಕಿಗಳೇ ಹೇಳುತ್ತವೆ. ಮಂಗಳೂರಿನ ಸರಕಾರಿ ಲೇಡಿಗೋಷನ್ ಆಸ್ಪತ್ರೆ ಅಥವಾ ಬೆಂಗಳೂರಿನ ವಾಣಿವಿಲಾಸದಲ್ಲಿ ಕಲಿತ ಹಿರಿಯ ವೈದ್ಯರನ್ನು ಕೇಳಿ ನೋಡಿ. ಅವರು ಕಟ್ಟಡದ ಅಂದವನ್ನು ಹೊಗಳುವುದಿಲ್ಲ, ಅಲ್ಲಿ ಕಳೆದ ರಾತ್ರಿಗಳನ್ನು ನೆನೆಯುತ್ತಾರೆ. ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕಲಿಯುವವರಿಗೆ ತೀವ್ರ ರಕ್ತಹೀನತೆ, ನಂಜು, ತಡವಾಗಿ ಬಂದ ಹೆರಿಗೆ ಪುಸ್ತಕದ ಪಾಠವಾಗಿ ಉಳಿಯುವುದಿಲ್ಲ; ದಿನದ ಕೆಲಸವಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಕಾಲೇಜಿನ ವಿಷಯದಲ್ಲಿ ದೂರದ ಬೆಟ್ಟ ಕೆಲವೊಮ್ಮೆ ಒರಟಾಗಿ ಕಾಣುತ್ತದೆ, ಹತ್ತಿದವರಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಹಾಗೆಂದು ಹೆತ್ತವರ ಆತಂಕವನ್ನು ತಳ್ಳಿಹಾಕುವಂತಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿ ಸತ್ತಾಗ ಕೊಲೆ ಮೊಕದ್ದಮೆ ಎದುರಿಸಬೇಕಾದ ಸ್ತ್ರೀರೋಗ ತಜ್ಞೆಯೊಬ್ಬರು ಪ್ರಾಣ ಕಳೆದುಕೊಂಡರು. ರಾತ್ರಿ ಪಾಳಿಯವರಿಗೆ ಬೀಗ ಹಾಕಬಹುದಾದ ಕೋಣೆ ಇದೆಯೇ, ಹಾಸ್ಟೆಲ್ ದಾರಿಯಲ್ಲಿ ದೀಪ ಉರಿಯುತ್ತದೆಯೇ, ವಾರಕ್ಕೊಂದು ರಜೆ ನಿಜವಾಗಿ ಸಿಗುತ್ತದೆಯೇ ಎಂಬುದೂ ಕಾಲೇಜಿನ ಅಳತೆಗೋಲೇ. ಇದನ್ನು ಜಾಲತಾಣ ಹೇಳುವುದಿಲ್ಲ. ಅಲ್ಲಿ ಈಗ ಎರಡನೇ ವರ್ಷದಲ್ಲಿರುವ ವಿದ್ಯಾರ್ಥಿನಿಗೆ ಫೋನ್ ಮಾಡಿ ಕೇಳಬೇಕು.

ಕುಕನೂರಿನ ಕಡೆಯಿಂದ ನೋಡಿದಾಗ

ಈಗ ಪಟ್ಟಿಯ ಇನ್ನೊಂದು ತುದಿಗೆ ಬರೋಣ. ಕುಕನೂರು ಮಹಾಮಾಯಾ ದೇವಸ್ಥಾನ, ನವಲಿಂಗ ದೇವಾಲಯಗಳ ಹಳೆಯ ಊರು. ಯಲಬುರ್ಗಾದಿಂದ ಬೇರ್ಪಟ್ಟ ಹೊಸ ತಾಲೂಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಯಲಬುರ್ಗಾ ಮತ್ತು ಕುಷ್ಟಗಿಗಳನ್ನು ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳ ಸಾಲಿನಲ್ಲಿಟ್ಟಿತ್ತು. ಅನಂತರ ಬದಲಾವಣೆ ಆಗಿಲ್ಲವೆಂದಲ್ಲ. ಕೊಪ್ಪಳಕ್ಕೂ ಗದಗಕ್ಕೂ 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಸಂವಿಧಾನದ 98ನೇ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿ, ಈಗ ಕಲ್ಯಾಣ ಕರ್ನಾಟಕವೆನಿಸಿರುವ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳ ಮೀಸಲಾತಿಗೆ ದಾರಿ ಮಾಡಿತು.

ಹೀಗಿದ್ದರೂ ತಜ್ಞ ವೈದ್ಯರು ಜಿಲ್ಲಾ ಕೇಂದ್ರದಿಂದ ಕೆಳಗಿಳಿಯುವುದು ಕಷ್ಟ. ಯಾಕೆ? ಹೆರಿಗೆ ವೈದ್ಯೆ ಒಬ್ಬಳೇ ಏನೂ ಮಾಡಲಾರಳು. ಸಿಸೇರಿಯನ್ ಆಗಬೇಕಾದರೆ ಅರಿವಳಿಕೆ ತಜ್ಞ ಬೇಕು, ಮಗುವನ್ನು ನೋಡಲು ಮಕ್ಕಳ ತಜ್ಞ ಬೇಕು, ಫ್ರಿಜ್ಜಿನಲ್ಲಿ ರಕ್ತ ಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ‘ಮುಂದಕ್ಕೆ ಕರೆದೊಯ್ಯಿರಿ’ ಎಂದು ಚೀಟಿ ಬರೆಯುವುದೇ ಅವಳ ಕೆಲಸವಾಗುತ್ತದೆ. ಮೂರು ವರ್ಷ ಕಷ್ಟಪಟ್ಟು ಕಲಿತ ವಿದ್ಯೆಯನ್ನು ಬಳಸಲಾಗದ ಜಾಗದಲ್ಲಿ ಯಾರು ತಾನೆ ಉಳಿದಾರು?

ಸರಕಾರ ಹಿಡಿದ ಮೊದಲ ದಾರಿ ಕಡ್ಡಾಯ. 2012ರ ರಾಜ್ಯ ಕಾಯ್ದೆ ಪದವಿ ಮುಗಿಸಿದ ವೈದ್ಯರಿಗೆ ಒಂದು ವರ್ಷದ ಸೇವೆಯನ್ನು ವಿಧಿಸಿತು. ಕಡ್ಡಾಯದಿಂದ ವೈದ್ಯರು ಬಂದಾರು, ಆದರೆ ದಿನ ಎಣಿಸಿ ಹಿಂದಿರುಗುತ್ತಾರೆ. ಕುಕನೂರಿನ ತಾಯಿ ಪ್ರತಿ ವರ್ಷ ಹೊಸ ಮುಖ ನೋಡಬೇಕಾಗುತ್ತದೆ.

ಎರಡನೆಯದು ಪ್ರೋತ್ಸಾಹದ ದಾರಿ. ಸರಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟು ಮೀಸಲಿಡುವ ಅಧಿಕಾರ ರಾಜ್ಯಗಳಿಗಿದೆಯೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. 2025ರ ಜನವರಿ 29ರ ಇನ್ನೊಂದು ತೀರ್ಪಿನಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ಕೇವಲ ನಿವಾಸವನ್ನು ಆಧರಿಸಿದ ಮೀಸಲಾತಿ ಸಮಾನತೆಗೆ ವಿರುದ್ಧವೆಂದಿತು. 371(ಜೆ) ಸಂವಿಧಾನದೊಳಗೇ ಇರುವ ವಿಶೇಷ ವಿಧಿಯಾದ್ದರಿಂದ ಅದರ ಮಾತು ಬೇರೆ. ಆದರೂ ಒಂದು ಸಂಗತಿ ಸ್ಪಷ್ಟ: ‘ಇಲ್ಲಿ ಹುಟ್ಟಿದವರು’ ಎನ್ನುವುದಕ್ಕಿಂತ ‘ಇಲ್ಲಿ ದುಡಿದವರು’ ಎನ್ನುವ ಆಧಾರ ಹೆಚ್ಚು ಗಟ್ಟಿ. ಯಲಬುರ್ಗಾ, ಕುಕನೂರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಲ್ಕು ವರ್ಷ ದುಡಿದ ವೈದ್ಯೆಗೆ ಒ.ಬಿ.ಜಿ. ಸೀಟು ಸಿಕ್ಕಿದರೆ ಅವಳು ಹಿಂದಿರುಗಿ ಬರುವ ಸಾಧ್ಯತೆ ಹೆಚ್ಚು.

ಮೂರನೆಯದು ಕಲಿಕೆಯನ್ನೇ ಜಿಲ್ಲೆಗೆ ಒಯ್ಯುವುದು. 2020ರ ನಿಯಮದಂತೆ ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕು. ರಾಷ್ಟ್ರೀಯ ಪರೀಕ್ಷಾ ಮಂಡಳಿ ಎಂ.ಬಿ.ಬಿ.ಎಸ್. ನಂತರದ ಎರಡು ವರ್ಷದ ಡಿಪ್ಲೊಮಾ ಕೋರ್ಸುಗಳನ್ನು ತೆರೆದಿದ್ದು, ಪ್ರಸೂತಿ, ಅರಿವಳಿಕೆ, ಮಕ್ಕಳ ಆರೋಗ್ಯ ಮೂರೂ ಅವುಗಳಲ್ಲಿ ಸೇರಿವೆ. ಮೇಲೆ ಹೇಳಿದ ಮೂವರು ತಜ್ಞರನ್ನು ಒಟ್ಟಿಗೆ ಸಿದ್ಧಪಡಿಸಲು ಇದು ಒಳ್ಳೆಯ ದಾರಿ. ಆದರೆ ನಮ್ಮ ಮನೆಗಳಲ್ಲಿ ‘ಡಿಪ್ಲೊಮಾ’ ಎಂದರೆ ಕೀಳು. ಮದುವೆ ಆಮಂತ್ರಣದಲ್ಲಿ ಎಂ.ಎಸ್. ಎಂದು ಅಚ್ಚು ಹಾಕಿಸಬೇಕೆಂಬ ಆಸೆ ಪಟ್ಟಿಯ ಕ್ರಮವನ್ನು ನಿರ್ಧರಿಸುತ್ತದೆ.

ಅಂಕಿಗಳ ಹಿಂದಿನ ಮುಖ

2018-20ರ ಮಾದರಿ ನೋಂದಣಿ ವರದಿಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದ ತಾಯಂದಿರ ಮರಣ 69. ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರಲ್ಲಿ ಐವರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ನರಕ್ಕೆ ಕೊಟ್ಟ ದ್ರಾವಣದ ಗುಣಮಟ್ಟದ ಮೇಲೆ. ವೈದ್ಯರ ಕೈಚಳಕವೊಂದೇ ತಾಯಿಯನ್ನು ಉಳಿಸುವುದಿಲ್ಲ, ಔಷಧ ಖರೀದಿಯ ಪ್ರಾಮಾಣಿಕತೆಯೂ ಬೇಕು ಎಂಬ ಕಹಿ ಪಾಠ ಅದು. ಪ್ರತಿ ತಾಯಿಯ ಸಾವನ್ನೂ ತೆರೆದ ಮನಸ್ಸಿನಿಂದ ಪರಿಶೀಲಿಸುವ ವಿಭಾಗ ಯಾವುದು ಎಂದು ವಿದ್ಯಾರ್ಥಿನಿ ವಿಚಾರಿಸಿದರೆ, ಅದು ಕಾಲೇಜಿನ ಅಂತಸ್ತಿಗಿಂತ ದೊಡ್ಡ ಪ್ರಶ್ನೆ.

ಈ ವಿಷಯದಲ್ಲಿ ಧರ್ಮಸಭೆಯೂ ತಡವಾಗಿ ಕಣ್ತೆರೆದದ್ದುಂಟು. ಧರ್ಮಭಗಿನಿಯರು ಹೆರಿಗೆ ಮಾಡಿಸಲು ರೋಮ್ ಸಾಮಾನ್ಯ ಅನುಮತಿ ಕೊಟ್ಟದ್ದು 1936ರಲ್ಲಿ. ಅದಕ್ಕೂ ಮುನ್ನವೇ ವಿಶೇಷ ಅನುಮತಿ ಪಡೆದ ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು, ಧರ್ಮಭಗಿನಿಯಾಗಿ ತೆಲುಗು ನಾಡಿನ ತಾಯಂದಿರ ನಡುವೆ ದುಡಿದರು. ಆಕೆಯ ಮುಂದೆಯೂ ಒಂದು ಪಟ್ಟಿಯಿತ್ತು. ಮೆಲ್ಬರ್ನಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವೈದ್ಯವೃತ್ತಿ ಅದರ ಮೇಲ್ತುದಿಯಲ್ಲಿತ್ತು.

ಎಲ್ಲರೂ ಗುಂಟೂರಿಗೋ ಕುಕನೂರಿಗೋ ಹೋಗಿ ಎಂದು ಹೇಳುವ ಧೈರ್ಯ ನಮಗಿಲ್ಲ. ಸಾಲ ತೀರಿಸಬೇಕಾದ ಮನೆಗಳ ಕಷ್ಟ ನಮಗೆ ಗೊತ್ತು. ಆದರೆ ಪಟ್ಟಿಯ ಕೆಳಗೆ ತಳ್ಳಿದ ಆ ಊರುಗಳ ಕಾಲೇಜನ್ನು ಒಮ್ಮೆ ವಿಚಾರಿಸಿ ನೋಡಿ ಎನ್ನಬಹುದು. ಅಲ್ಲಿ ಮೂರು ವರ್ಷ ಕಳೆದ ಕರಾವಳಿಯ ಹುಡುಗಿಗೆ, ‘ಬ್ಯಾನಿ ಶುರುವಾಗೈತ್ರಿ, ತಲಿ ಸಿಡೀತೈತಿ, ಕಣ್ಣು ಮಂಜಾಗ್ಯಾವ’ ಎಂಬ ಮಾತು ಕೇಳಿದೊಡನೆ ಇದು ನಂಜು, ಫಿಟ್ಸ್ ಬರುವ ಮೊದಲು ಚುಚ್ಚುಮದ್ದು ಕೊಡಬೇಕು ಎಂದು ಕೈ ತಾನಾಗಿ ಓಡುತ್ತದೆ. ಅದನ್ನು ಯಾವ ರ‍್ಯಾಂಕ್ ಪಟ್ಟಿಯೂ ಕಲಿಸದು.

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತಾರೆ ಹಿರಿಯರು. ಆ ಮರುಹುಟ್ಟಿಗೆ ಕೈ ಕೊಡುವವರು ಎಲ್ಲಿ ಕಲಿಯಬೇಕೆಂದು ತೀರ್ಮಾನಿಸುವ ಈ ದಿನಗಳಲ್ಲಿ, ನಮ್ಮ ಮನೆಯ ಚರ್ಚೆಯೊಳಗೆ ಕುಕನೂರಿನ ಆ ತಾಯಿಗೂ ಒಂದು ಕುರ್ಚಿ ಇರಲಿ.